ಮನೆಯ ಇಂಟರ್ನೆಟ್‌ಗೆ ಯಜಮಾನ ಯಾರು?

2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಒಂದರ ಹಿಂದೊಂದು ಕೈಕೊಡತೊಡಗಿದವು. ಅದರ ಪೆಟ್ಟು ಕರ್ನಾಟಕ ವೃತ್ತಕ್ಕೂ ಬಿತ್ತು. ಸಂಸ್ಥೆಯ ಮುಖ್ಯ ಜಾಲಕ್ಕೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಗ್ರಾಹಕರ ಮನೆಯೊಳಗೆ, ಟಿವಿ ಪಕ್ಕದಲ್ಲೋ ಬಾಗಿಲ ಮೇಲಿನ ಸಜ್ಜೆಯಲ್ಲೋ ಮಿಣುಕುತ್ತಿದ್ದ ಪುಟ್ಟ ಪೆಟ್ಟಿಗೆ. ದೇಶದಲ್ಲಿ 60 ಸಾವಿರಕ್ಕೂ ಹೆಚ್ಚು ಮೋಡೆಮ್‌ಗಳು ಸಂಪರ್ಕ ಕಳೆದುಕೊಂಡವೆಂದು ಆಗ ವರದಿಯಾಯಿತು. ತೊಂದರೆಗೆ ಸಿಕ್ಕಿದವು, ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದ ಪೆಟ್ಟಿಗೆಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು.

ಇದು ತನ್ನದೇ ಕೆಲಸ ಎಂದು ಒಬ್ಬ ಅನಾಮಧೇಯ ಹೇಳಿಕೊಂಡ. ‘ಬ್ರಿಕರ್‌ಬಾಟ್’ ಎಂಬ ಕುತಂತ್ರಾಂಶದ ಕರ್ತೃ ಆತ. ಭದ್ರತೆಯಿಲ್ಲದ ಮೋಡೆಮ್, ಕ್ಯಾಮೆರಾಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿ, ಒಳಹೊಕ್ಕು, ಮತ್ತೆ ಏಳದಂತೆ ಕೆಡಿಸುವುದು ಅದರ ಕೆಲಸ. ಆತ ಕೊಟ್ಟ ಕಾರಣ ವಿಚಿತ್ರವಾಗಿತ್ತು: ಈ ಪೆಟ್ಟಿಗೆಗಳು ಕಳ್ಳರ ಕೈಗೆ ಸಿಕ್ಕಿ ಲೋಕಕ್ಕೆಲ್ಲ ಕಾಟ ಕೊಡುವುದಕ್ಕಿಂತ ಕೆಟ್ಟು ಕೂರುವುದೇ ಮೇಲು! ಬಡಪಾಯಿ ಗ್ರಾಹಕನ ಮೋಡೆಮ್ ಒಡೆಯುವ ಹಕ್ಕನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅವನದು ಅಪರಾಧವೇ. ಆದರೆ ಅವನು ಹೇಳಿದ ಭಯ ಮಾತ್ರ ಸುಳ್ಳಾಗಿರಲಿಲ್ಲ.

ಅದಕ್ಕೆ ಒಂಬತ್ತು ತಿಂಗಳ ಹಿಂದೆ, 2016ರ ಅಕ್ಟೋಬರ್ 21ರ ಶುಕ್ರವಾರ, ಅಮೆರಿಕದ ಪೂರ್ವ ಕರಾವಳಿಯ ಜನರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್, ಸ್ಪಾಟಿಫೈ, ರೆಡಿಟ್ ಎಲ್ಲವೂ ಗಂಟೆಗಟ್ಟಲೆ ಸಿಗದಂತಾಗಿದ್ದವು. ದಾಳಿ ನಡೆದದ್ದು ಆ ತಾಣಗಳ ವಿಳಾಸ ಹುಡುಕಿಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ. ದಾಳಿಗೆ ಬಳಕೆಯಾದದ್ದು ಮನೆ, ಅಂಗಡಿಗಳಲ್ಲಿದ್ದ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳು. ‘ಮಿರಾಯ್’ ಎಂಬ ಕುತಂತ್ರಾಂಶ ಅವನ್ನೆಲ್ಲ ಸದ್ದಿಲ್ಲದೆ ಸೇನೆಯಾಗಿ ಕಟ್ಟಿತ್ತು. ಅದರೊಳಗೆ ಮಹಾ ಬುದ್ಧಿವಂತಿಕೆಯೇನೂ ಇರಲಿಲ್ಲ. ಅದು ಇಂಟರ್ನೆಟ್ ವಿಳಾಸಗಳನ್ನು ಗೊತ್ತುಗುರಿಯಿಲ್ಲದೆ ತಟ್ಟುತ್ತ ಹೋಗುತ್ತಿತ್ತು. ಬಾಗಿಲು ತೆಗೆದವರ ಮುಂದೆ ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಒಡ್ಡುತ್ತಿತ್ತು. ಅಡ್ಮಿನ್–ಅಡ್ಮಿನ್, ರೂಟ್–ರೂಟ್, ಅಡ್ಮಿನ್–1234. ಎಲ್ಲವೂ ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಪಾಸ್‌ವರ್ಡ್‌ಗಳು. ಅದನ್ನು ಬರೆದ ಮೂವರು ಇಪ್ಪತ್ತರ ಆಸುಪಾಸಿನ ಅಮೆರಿಕನ್ ಹುಡುಗರು. ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ವ್ಯಾಪಾರದ ಜಗಳದಲ್ಲಿ ಹುಟ್ಟಿದ ಈ ಅಸ್ತ್ರದ ಮೂಲ ಸಂಕೇತವನ್ನು ಅವರೇ ಬಹಿರಂಗಗೊಳಿಸಿದ್ದರು. ಹಾಗಾಗಿ ಆಮೇಲೆ ಯಾರು ಬೇಕಾದರೂ ಅದನ್ನು ಬಳಸುವಂತಾಯಿತು. ಮೂವರೂ 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡರು. ಅವರ ಕೂಸಿನ ಮರಿಗಳು ಇಂದಿಗೂ ಓಡಾಡಿಕೊಂಡಿವೆ.

ಮಿರಾಯ್ ಬಗ್ಗೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅದು ಪೆಟ್ಟಿಗೆಯ ತಾತ್ಕಾಲಿಕ ನೆನಪಿನಲ್ಲಷ್ಟೇ ಉಳಿಯುತ್ತಿತ್ತು. ಪ್ಲಗ್ ಕಿತ್ತು ಹಾಕಿದರೆ ಮಾಯ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಹಾಜರಿ. ‘ಇಂಟರ್ನೆಟ್ ನಿಧಾನ ಆಯ್ತು, ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ, ಸರಿಹೋಯ್ತು’ ಎಂಬ ಮಾತಿನ ಹಿಂದೆ ಕೆಲವು ಮನೆಗಳಲ್ಲಿ ಇಂಥದ್ದೇ ಕಥೆ ಇದ್ದಿರಬಹುದು.

ಮನೆಯ ಕಂಪ್ಯೂಟರಿನ ಭದ್ರತೆ ಎಂದರೆ ಆ್ಯಂಟಿವೈರಸ್ ಕೊಳ್ಳುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಡೆಸ್ಕ್‌ಟಾಪ್‌ಗೆ ಅದನ್ನು ಹಾಕಿಸಿ, ರೂಟರ್‌ನ ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಬಿಡುವುದು, ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಹಾರು ಹೊಡೆದು ಬಿಟ್ಟಂತೆ. ನಿಜ ಹೇಳಬೇಕೆಂದರೆ ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಡಿಫೆಂಡರ್, ಮನೆ ಬಳಕೆಗೆ ಸಾಕಷ್ಟಾಯಿತು. ಅದನ್ನು ಆಫ್ ಮಾಡದಿದ್ದರೆ ಸರಿ. ಆ ದುಡ್ಡನ್ನು ಬ್ಯಾಕಪ್‌ಗೆಂದು ಒಂದು ಹಾರ್ಡ್‌ಡಿಸ್ಕ್‌ಗೆ ಹಾಕುವುದು ಹೆಚ್ಚು ಜಾಣತನ. ಆ ವಿಷಯ ಮುಂದಿದೆ.

ಮೊದಲು ರೂಟರ್. ಊರಿನ ಕೇಬಲ್‌ನವರು ಫೈಬರ್ ಎಳೆದು, ಗೋಡೆಗೆ ಬಿಳಿ ಪೆಟ್ಟಿಗೆ ತಿರುಪು ಹಾಕಿ ಕೂರಿಸಿ, ವೈಫೈಗೆ ಮನೆ ಯಜಮಾನರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿರುತ್ತಾರೆ. ಆ ನಂಬರ್ ಬೀದಿಗೆಲ್ಲ ಗೊತ್ತು. ಇಲ್ಲಿ ಎರಡು ಬೇರೆ ಬೇರೆ ಪಾಸ್‌ವರ್ಡ್‌ಗಳಿವೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಒಂದು, ಫೋನಿಗೂ ಟಿವಿಗೂ ಕೊಡುವ ವೈಫೈ ಪಾಸ್‌ವರ್ಡ್. ಇನ್ನೊಂದು, ಆ ಪೆಟ್ಟಿಗೆಯ ಒಳಗಿನ ವ್ಯವಸ್ಥೆಯನ್ನೇ ಬದಲಿಸಬಲ್ಲ ಅಡ್ಮಿನ್ ಪಾಸ್‌ವರ್ಡ್. ಎರಡನೆಯದು ಯಾರ ಬಳಿ ಇದೆಯೋ ಅವರೇ ಆ ಮನೆಯ ಇಂಟರ್ನೆಟ್‌ನ ಯಜಮಾನರು.

ಅದನ್ನು ನೋಡುವುದು ಕಷ್ಟವೇನಲ್ಲ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ, ಜಾಲತಾಣದ ವಿಳಾಸ ಬರೆಯುವ ಜಾಗದಲ್ಲಿ, 192.168.1.1 ಅಥವಾ 192.168.0.1 ಎಂದು ಒತ್ತಿದರೆ ಬಹುತೇಕ ರೂಟರ್‌ಗಳ ಪುಟ ತೆರೆದುಕೊಳ್ಳುತ್ತದೆ. ಸರಿಯಾದ ವಿಳಾಸ ಪೆಟ್ಟಿಗೆಯ ತಳದ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯಲ್ಲೇ ಅಚ್ಚಾಗಿರುವ ಹೆಸರು, ಪಾಸ್‌ವರ್ಡ್ ಕೊಟ್ಟಾಗ ಒಳಗೆ ಬಿಟ್ಟರೆ, ಮೊದಲ ಕೆಲಸ ಅದನ್ನು ಬದಲಿಸುವುದು. ಬಿಡದಿದ್ದರೆ ಬೇರೆ ಯಾರೋ ಬದಲಿಸಿದ್ದಾರೆ ಎಂದರ್ಥ. ಅದು ಕೇಬಲ್‌ನವರೇ ಆಗಿದ್ದರೆ, ಅವರನ್ನು ಕೇಳಿ ಪಡೆಯಬೇಕು. ‘ಅದೆಲ್ಲ ನಿಮಗ್ಯಾಕೆ ಸಾರ್, ನಾವೇ ನೋಡ್ಕೋತೀವಿ’ ಎನ್ನುವವರಿದ್ದಾರೆ. ತಿಂಗಳ ಬಾಡಿಗೆ ಕಟ್ಟುವವರಿಗೆ ತಮ್ಮ ಮನೆಯೊಳಗಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡುವ ಹಕ್ಕಿದೆ, ಪಟ್ಟು ಬಿಡಬಾರದು.

ಒಳಹೊಕ್ಕ ಮೇಲೆ ನಾಲ್ಕು ಕಡೆ ಕಣ್ಣಾಡಿಸಿದರೆ ಸಾಕು. ವೈಫೈ ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2 ಇರಬೇಕು. ಡಬ್ಲ್ಯುಇಪಿ ಎಂದಿದ್ದರೆ ಆ ಪೆಟ್ಟಿಗೆಗೆ ನಿವೃತ್ತಿಯ ವಯಸ್ಸು ಎಂದೋ ಮೀರಿದೆ. ಹೊರಗಿನಿಂದ ರೂಟರನ್ನು ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಬಂದ್ ಆಗಿರಬೇಕು. ಫರ್ಮ್‌ವೇರ್, ಅಂದರೆ ಪೆಟ್ಟಿಗೆಯೊಳಗಿನ ತಂತ್ರಾಂಶ, ಹೊಸದಿದೆಯೇ ನೋಡಬೇಕು. ನಾಲ್ಕನೆಯದು ಡಬ್ಲ್ಯುಪಿಎಸ್. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಉದ್ದನೆಯ ಪಾಸ್‌ವರ್ಡ್ ಒತ್ತುವ ತಾಪತ್ರಯ ತಪ್ಪಿಸಲೆಂದು ಬಂದ ಸೌಲಭ್ಯ ಇದು. ಎಂಟು ಅಂಕಿಯ ಪಿನ್ ಕೊಟ್ಟರೆ ಸಾಕು, ಸಂಪರ್ಕ ಸಿಗುತ್ತದೆ. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆಗಳು, ಭದ್ರವೇ ಎಂದು ಯಾರಿಗಾದರೂ ಅನ್ನಿಸುತ್ತದೆ. 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ಫೀಬೊಕ್ ಎಂಬ ಸಂಶೋಧಕ ಇದರ ಟೊಳ್ಳನ್ನು ತೋರಿಸಿದರು. ರೂಟರ್ ಈ ಪಿನ್ನನ್ನು ಎರಡು ತುಂಡು ಮಾಡಿ, ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಅಲ್ಲಿಗೆ ಮೊದಲರ್ಧಕ್ಕೆ ಹತ್ತು ಸಾವಿರ ಸಾಧ್ಯತೆ. ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ಉಳಿದರ್ಧಕ್ಕೆ ಒಂದೇ ಸಾವಿರ. ಹತ್ತು ಕೋಟಿ ಇದ್ದದ್ದು ಹನ್ನೊಂದು ಸಾವಿರಕ್ಕೆ ಇಳಿಯಿತು. ಪಕ್ಕದ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರಿಗೆ ಅದು ಕೆಲವು ಗಂಟೆಗಳ ಕೆಲಸ. ವೈಫೈ ಪಾಸ್‌ವರ್ಡ್ ಎಷ್ಟೇ ಬಿಗಿಯಾಗಿರಲಿ, ಇದು ತೆರೆದಿದ್ದರೆ ಅಷ್ಟೂ ವ್ಯರ್ಥ. ಹೊಸ ರೂಟರ್‌ಗಳು ಇದಕ್ಕೆ ಒಂದಿಷ್ಟು ತಡೆ ಹಾಕಿವೆ. ಆದರೂ ಪಿನ್ ಸೌಲಭ್ಯ ಬಂದ್ ಮಾಡಿಡುವುದೇ ಒಳ್ಳೆಯದು. ಅದಿಲ್ಲದೆ ಯಾರ ಕೆಲಸವೂ ನಿಲ್ಲುವುದಿಲ್ಲ.

ರೂಟರ್ ಪರರ ವಶವಾದರೆ ಇಂಟರ್ನೆಟ್ ನಿಂತುಹೋಗುವುದಷ್ಟೇ ಅಲ್ಲ, ದಾರಿಯೇ ತಪ್ಪಬಹುದು. ಜಾಲತಾಣದ ಹೆಸರು ಬರೆದಾಗ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವುದು ಡಿಎನ್‌ಎಸ್ ಎಂಬ ವ್ಯವಸ್ಥೆ. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಎಂಬುದು ರೂಟರ್‌ನಲ್ಲಿ ಬರೆದಿರುತ್ತದೆ. ಆ ಒಂದು ಸಾಲು ಬದಲಾದರೆ ಬ್ಯಾಂಕಿನ ಹೆಸರು ಬರೆದವರು ಕಳ್ಳರ ಪುಟಕ್ಕೆ ಹೋಗಬಹುದು. ‘ಡಿಎನ್‌ಎಸ್‌ಚೇಂಜರ್’ ಎಂಬ ಕುತಂತ್ರಾಂಶ ಈ ಉಪಾಯದಿಂದಲೇ ಸುಮಾರು 40 ಲಕ್ಷ ಕಂಪ್ಯೂಟರ್‌ಗಳನ್ನು ಹಾದಿ ತಪ್ಪಿಸಿ, ಜಾಹೀರಾತು ವಂಚನೆಯಿಂದ 1.4 ಕೋಟಿ ಡಾಲರ್ ಬಾಚಿತ್ತು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾದ ಆರು ಮಂದಿ ಸಿಕ್ಕಿಬಿದ್ದರು. ಆದರೆ ಕಳ್ಳರ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಲಕ್ಷಾಂತರ ಅಮಾಯಕರ ಇಂಟರ್ನೆಟ್ ನಿಲ್ಲುತ್ತಿತ್ತು. ಹಾಗಾಗಿ ಅಮೆರಿಕದ ನ್ಯಾಯಾಲಯದ ಅನುಮತಿ ಪಡೆದು ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು.

ಇನ್ನು ಸಿಸಿಟಿವಿ, ಸ್ಮಾರ್ಟ್ ಟಿವಿ, ಮಾತು ಕೇಳುವ ಸ್ಪೀಕರ್‌. ಇವಕ್ಕೆ ಕಂಪ್ಯೂಟರ್ ಇರುವ ವೈಫೈ ಕೊಡಬೇಕಾದ ಅಗತ್ಯವೇ ಇಲ್ಲ. ಈಗಿನ ಬಹುಪಾಲು ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಎರಡನೇ ವೈಫೈ ಮಾಡಿಕೊಳ್ಳಬಹುದು. ಟಿವಿ, ಕ್ಯಾಮೆರಾ, ಮನೆಗೆ ಬಂದ ನೆಂಟರ ಫೋನ್ ಎಲ್ಲ ಅಲ್ಲಿಗೆ. ಲೆಕ್ಕಪತ್ರ, ಬ್ಯಾಂಕು, ಮಕ್ಕಳ ಪರೀಕ್ಷೆಯ ಅರ್ಜಿ ಇರುವ ಡೆಸ್ಕ್‌ಟಾಪ್ ಬೇರೆ ಕಡೆ.

ಡೆಸ್ಕ್‌ಟಾಪ್‌ಗೆ ಬಂದರೆ, ಅಪ್‌ಡೇಟ್ ಎಂಬ ಕಿರಿಕಿರಿಯೇ ಅದರ ಅತಿ ದೊಡ್ಡ ರಕ್ಷಣೆ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ 300 ಡಾಲರ್ ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ನಡುವೆ ಸುಮಾರು ಎರಡು ತಿಂಗಳು. ‘ಆಮೇಲೆ ಮಾಡೋಣ’ ಎಂಬ ಗುಂಡಿ ಒತ್ತುತ್ತ ಕಳೆದ ಎರಡು ತಿಂಗಳು.

ಈಗ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಮತ್ತೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ದಾರಿಯೊಂದನ್ನು ಇಟ್ಟಿದೆ. ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯಿದೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿಯೇ ಮೂಡುತ್ತದೆ, ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ.

ನಮ್ಮ ಕನ್ನಡ ಡಿಟಿಪಿಯವರ ಕಷ್ಟ ಇದಕ್ಕಿಂತ ಜಟಿಲ. ಹಳೆಯ ನುಡಿ, ಬರಹ ಫಾಂಟುಗಳು, ಪೇಜ್‌ಮೇಕರ್, ವರ್ಷಗಳ ಕಡತಗಳು. ಅವಕ್ಕಾಗಿ ವಿಂಡೋಸ್ 7, ಕೆಲವೆಡೆ ಎಕ್ಸ್‌ಪಿ ಕೂಡ, ಇನ್ನೂ ಉಸಿರಾಡುತ್ತಿವೆ. ಮನೆಯಲ್ಲೇ ಮದುವೆ ಕರೆಯೋಲೆ, ಸಹಕಾರ ಸಂಘದ ವರದಿ ಟೈಪು ಮಾಡಿಕೊಡುವವರಿಗೆ ‘ಹೊಸದು ಕೊಳ್ಳಿ’ ಎಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರಿಗೊಂದು ನೇರ ದಾರಿಯಿದೆ: ಆ ಹಳೆಯ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತುಬಿಡುವುದು, ವೈಫೈ ಅಳಿಸಿಬಿಡುವುದು. ಟೈಪಿಂಗ್ ಅದರಲ್ಲಿ ನಡೆಯಲಿ, ಇಂಟರ್ನೆಟ್ ಬೇರೆಯದರಲ್ಲಿ. ಗಿರಾಕಿ ತಂದ ಪೆನ್‌ಡ್ರೈವ್ ಮೊದಲು ಹೊಸ ಯಂತ್ರದಲ್ಲಿ ತಪಾಸಣೆಯಾಗಿ, ಆಮೇಲಷ್ಟೇ ಹಳೆಯದಕ್ಕೆ ಹೋಗಲಿ.

ಇಷ್ಟು ಹೊತ್ತು ಹೇಳಿದ್ದು ಹೊರಗಿನಿಂದ ನುಗ್ಗುವವರ ವಿಷಯ. ಮನೆಮಂದಿಯೇ ಕರೆತರುವ ಅಪಾಯ ಇದಕ್ಕಿಂತ ದೊಡ್ಡದು. ದುಡ್ಡು ಕೊಡದೆ ಫೋಟೋಶಾಪ್, ಆಫೀಸ್, ಆಟಗಳು ಸಿಗುತ್ತವೆಂದು ಇಳಿಸಿಕೊಳ್ಳುವ ‘ಕ್ರ್ಯಾಕ್’ ಕಡತಗಳ ಬೆನ್ನೇರಿ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ಒತ್ತೆ ಕುತಂತ್ರಾಂಶ ವರ್ಷಗಳಿಂದ ಹರಡುತ್ತ ಬಂದಿದೆ. ಅದರ ಬೇಟೆ ದೊಡ್ಡ ಕಂಪನಿಗಳಲ್ಲ, ಸಾಮಾನ್ಯರ ಮನೆ. ಕ್ರ್ಯಾಕ್ ಓಡಿಸಲು ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇರುತ್ತದೆ. ಆಫ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮಗುವಿನ ನಾಮಕರಣದ ಫೋಟೋ, ಮನೆ ಕ್ರಯಪತ್ರದ ಸ್ಕ್ಯಾನ್, ಮಗಳ ಪ್ರಾಜೆಕ್ಟ್ ವರದಿ, ಎಲ್ಲದರ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿರುತ್ತದೆ. ಯಾವುದೂ ತೆರೆಯುವುದಿಲ್ಲ. ಪ್ರತಿ ಫೋಲ್ಡರ್‌ನಲ್ಲಿ ಒಂದು ಚೀಟಿ: 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ. ಎಮ್ಸಿಸಾಫ್ಟ್ ಕಂಪನಿ 2019ರಲ್ಲಿ ಉಚಿತ ಬಿಡುಗಡೆ ಉಪಕರಣ ಕೊಟ್ಟಿತಾದರೂ ಅದು ಕೆಲವರ ಕಡತಗಳನ್ನಷ್ಟೇ ಬಿಡಿಸಬಲ್ಲದು. ಉಳಿದವರ ಪಾಲಿಗೆ ಫೋಟೋಗಳು ಹೋದವೆಂದೇ ಲೆಕ್ಕ.

ಇದಕ್ಕೆ ಉತ್ತರ ಎರಡು. ಒಂದು, ದಿನಬಳಕೆಗೆ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆ ಬಿಟ್ಟು ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಳ್ಳುವುದು. ಆಗ ಯಾವುದೇ ತಂತ್ರಾಂಶ ವ್ಯವಸ್ಥೆಯ ಒಳಕ್ಕೆ ಕೈಹಾಕಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ, ಮನುಷ್ಯ ಒಂದು ಕ್ಷಣ ತಡೆದು ಯೋಚಿಸುತ್ತಾನೆ. ಎರಡನೆಯದು ಬ್ಯಾಕಪ್. ಬೆಲೆಬಾಳುವ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ ಎಂಬುದು ಬಲ್ಲವರು ಹೇಳುವ ಲೆಕ್ಕ. ಅಷ್ಟಾಗದಿದ್ದರೆ ಒಂದಾದರೂ ಹೊರಗಿನ ಹಾರ್ಡ್‌ಡಿಸ್ಕ್ ಇರಲಿ. ಪ್ರತಿ ತೆಗೆದ ಕೂಡಲೇ ಅದರ ವೈರ್ ಕಿತ್ತು ಬೀರುವಿನಲ್ಲಿಡಬೇಕು. ಸದಾ ಸಿಕ್ಕಿಸಿಟ್ಟ ಡಿಸ್ಕ್‌ನ ಕಡತಗಳಿಗೂ ಕುತಂತ್ರಾಂಶ ಬೀಗ ಹಾಕುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಜನರನ್ನು ಅನಗತ್ಯವಾಗಿ ಗೋಳುಹೊಯ್ದುಕೊಂಡದ್ದೂ ಉಂಟು. ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು, ಆಗಾಗ ಬದಲಿಸಲೇಬೇಕು ಎಂಬ ನಿಯಮದ ಬೇರು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ ಎಂಬ ಅಧಿಕಾರಿ 2003ರಲ್ಲಿ ಬರೆದ ಕೈಪಿಡಿಯಲ್ಲಿದೆ. 2017ರಲ್ಲಿ ಅವರೇ ಅದಕ್ಕೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಸಂಸ್ಥೆಯೂ ನಿಯಮ ಸಡಿಲಿಸಿತು. ಉದ್ದವೇ ಬಲ ಎನ್ನುತ್ತದೆ ಹೊಸ ತಿಳಿವಳಿಕೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ, ಹುಣಸೆ, ಕಂಬಳಿ, ರೈಲು, ಮಂಗಳವಾರ ಎಂಬಂತೆ, ನೆನಪಿಗೂ ಸುಲಭ, ಊಹೆಗೂ ನಿಲುಕದು. ಒಂದೇ ಪಾಸ್‌ವರ್ಡನ್ನು ಇಮೇಲ್‌ಗೂ ಅಂಗಡಿಗೂ ಬ್ಯಾಂಕಿಗೂ ಬಳಸುವುದು ಮಾತ್ರ ಎಂದಿಗೂ ಕೂಡದು. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಕಟ್ಟಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಇಮೇಲ್ ವಿಳಾಸ ಕೊಟ್ಟರೆ, ಅದು ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ತೋರಿಸುತ್ತದೆ. ನೋಡಿದ ಹಲವರಿಗೆ ಗಾಬರಿಯಾಗುತ್ತದೆ, ಆಗಲೇಬೇಕು. ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಟ್ಟರೆ ತಪ್ಪೇನಿಲ್ಲ. ಇಂಟರ್ನೆಟ್ ಕಳ್ಳ ನಿಮ್ಮ ಬೀರುವಿಗೆ ಕೈ ಹಾಕಲಾರ.

ಖಾಸಗಿತನದ ಬಗ್ಗೆ ಒಂದು ಭ್ರಮೆಯನ್ನು ಬಿಡಿಸಿಕೊಳ್ಳಬೇಕು. ಕ್ರೋಮ್‌ನ ‘ಇನ್‌ಕಾಗ್ನಿಟೊ’ ಕಿಟಕಿ ತೆರೆದರೆ ಯಾರಿಗೂ ಕಾಣದು ಎಂದುಕೊಂಡವರು ಬಹಳ. ಅದು ಆ ಕಂಪ್ಯೂಟರಿನಲ್ಲಿ ಇತಿಹಾಸ ಉಳಿಸುವುದಿಲ್ಲ, ಅಷ್ಟೇ. ಜಾಲತಾಣಗಳಿಗೂ ಇಂಟರ್ನೆಟ್ ಕೊಡುವವರಿಗೂ ಕಾಣುವುದು ಕಾಣುತ್ತಲೇ ಇರುತ್ತದೆ. ಈ ಕುರಿತು 2020ರಲ್ಲಿ ಅಮೆರಿಕದಲ್ಲಿ ದಾಖಲಾದ ಮೊಕದ್ದಮೆ ರಾಜಿಯಾದಾಗ, ಸಂಗ್ರಹಿಸಿದ ಅಪಾರ ಮಾಹಿತಿಯನ್ನು ನಾಶಪಡಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಜಾಲದಲ್ಲಿ ಬೆನ್ನುಹತ್ತುವ ಹಿಂಬಾಲಕರನ್ನು ನಿಜವಾಗಿ ಕಡಿಮೆ ಮಾಡಬೇಕಿದ್ದರೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಅವರನ್ನು ತಡೆಯುವ ಯುಬ್ಲಾಕ್ ಒರಿಜಿನ್ ಜೋಡಿಸಿಕೊಳ್ಳುವುದು, ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ’ ಭಾಗಕ್ಕೆ ಹೋಗಿ ಜಾಹೀರಾತು ಗುರುತು, ಸ್ಥಳ, ಕ್ಯಾಮೆರಾ, ಮೈಕ್ ಅನುಮತಿಗಳಲ್ಲಿ ಬೇಡದ್ದನ್ನು ಆಫ್ ಮಾಡುವುದು. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿಟ್ಟ ಮೇಲೂ ಒಂದು ಫೋನ್ ಕರೆ ಎಲ್ಲವನ್ನೂ ನೀರುಪಾಲು ಮಾಡಬಲ್ಲದು. ‘ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ಈ ಆ್ಯಪ್ ಹಾಕಿಕೊಂಡು ನಂಬರ್ ಹೇಳಿ’ ಎನ್ನುವವರಿಗೆ ಮನೆಯವರೇ ಪರದೆಯನ್ನು ಬಿಟ್ಟುಕೊಡುತ್ತಾರೆ. ದೂರದಿಂದ ಯಂತ್ರ ನಡೆಸುವ ಎನಿಡೆಸ್ಕ್‌ನಂಥ ಆ್ಯಪ್‌ಗಳ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕರೆಯದೆ ಫೋನ್ ಮಾಡಿ ಕಂಪ್ಯೂಟರ್ ರಿಪೇರಿ ಮಾಡಿಕೊಡುವ ಕಂಪನಿ ಈ ಲೋಕದಲ್ಲಿ ಒಂದೂ ಇಲ್ಲ.

ಶಂಕೆ ಬಂದ ಯಂತ್ರವನ್ನು ಶುಚಿಗೊಳಿಸಲು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಉಪಕರಣಗಳನ್ನು ಕೊಡುತ್ತಿದೆ. ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಎಷ್ಟು ಬೇಗ ತಲುಪುತ್ತದೆಯೋ, ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟುಕೊಂಡ ಒಂದೊಂದು ಗಂಟೆಯೂ ಕಳ್ಳರ ಪಾಲಿಗೆ ಲಾಭ.

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಕ್ಕಳಿಗೆ ಈ ಸಂಗತಿಗಳು ಬಾಯಿಪಾಠ. ಆದರೆ ಶಿವಮೊಗ್ಗ, ಧಾರವಾಡ, ಪುತ್ತೂರಿನ ಮನೆಗಳಲ್ಲಿ ಪಿಂಚಣಿ, ಪಹಣಿ, ವಿಡಿಯೊ ಕರೆಗಳಿಗಾಗಿ ಅದೇ ಕಂಪ್ಯೂಟರ್ ಮುಂದೆ ಕೂರುವವರು ಅವರ ಅಪ್ಪ ಅಮ್ಮ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಬೆಳಗನ್ನು ಅದಕ್ಕೆಂದೇ ಎತ್ತಿಡಿ. ರೂಟರ್‌ನ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಮುಗಿಸಿ, ಫೋಟೋಗಳನ್ನು ಡಿಸ್ಕ್‌ಗೆ ತುಂಬಿ. ನೀವೇ ಎಲ್ಲ ಮಾಡಿ ಎದ್ದು ಹೋಗಬೇಡಿ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಿಂದಲೇ ಮಾಡಿಸಿ.